ವಿಳಂಬ ಮೀಮಾಂಸೆ

"ಗುರುಗಳೇ, ಮಾಡಬೇಕಾದ ಕೆಲಸ ಯಾವುದೆಂದು ಮನುಷ್ಯನಿಗೆ ಗೊತ್ತಿರುತ್ತದೆ. ಮಾಡುವ ಶಕ್ತಿಯೂ ಇರುತ್ತದೆ. ಆದರೂ ನಾಳೆ ಮಾಡಿದರಾಯಿತು ಎನ್ನುತ್ತಾನೆ. ಇದಕ್ಕೆ ಮೂಲಕಾರಣ ಏನು?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಿನಗಿಂತ ಮೊದಲು ಒಬ್ಬ ದೊಡ್ಡ ಪಂಡಿತ ಈ ಪ್ರಶ್ನೆಗೆ ಕೈಹಾಕಿದ್ದ. ಅವನ ಹೆಂಡತಿಗೆ ಏನಾಯಿತೆಂದು ಹೇಳುತ್ತೇನೆ, ಕೇಳು" ಎಂದು ಕತೆ ಶುರುಮಾಡಿದರು.

ಹೊಳೆಯ ದಡದಲ್ಲಿ ಒಂದು ಅಗ್ರಹಾರ. ಅಲ್ಲಿ ಅಪ್ರಮೇಯಾಚಾರ್ಯರೆಂಬ ಪಂಡಿತರಿದ್ದರು. ತರ್ಕದಲ್ಲಿ ಅವರನ್ನು ಸೋಲಿಸಿದವರಿರಲಿಲ್ಲ. ಸುಳ್ಳಾಡುವವರಲ್ಲ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಸೋಮಾರಿಗಳಂತೂ ಅಲ್ಲವೇ ಅಲ್ಲ. ಎದ್ದಾಗಿನಿಂದ ಮಲಗುವವರೆಗೆ ಒಂದಲ್ಲ ಒಂದು ಕೆಲಸದಲ್ಲಿ ಮುಳುಗಿರುತ್ತಿದ್ದರು. ತೊಂದರೆ ಇಷ್ಟೆ: ಅವತ್ತು ಆಗಲೇಬೇಕಾದ ಕೆಲಸ ಯಾವುದೋ ಅದೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಮಾಡುತ್ತಿದ್ದರು.

ಅವರ ಹೆಂಡತಿ ನಾಚಾರಮ್ಮ. ಹಿತ್ತಿಲ ಬಾಗಿಲಿನ ಅಗಳಿ ಮುರಿದಿದೆ, ಬಡಗಿಯನ್ನು ಕರೆಸಿ ಎಂದು ಅವಳು ಹೇಳಿದರೆ, ಆಚಾರ್ಯರು ಅಟ್ಟದ ತಾಳೆಗರಿಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ ನೆರಳಿನಲ್ಲಿ ಹರಡುತ್ತಿದ್ದರು. ತಾಳೆಗರಿಗೆ ಹುಳು ಬಿದ್ದಿದೆ ನೋಡಿ ಎಂದರೆ ಅವತ್ತು ಬಡಗಿ ಬರುತ್ತಿದ್ದ. ಹಲವು ವರ್ಷ ಹಣೆ ಚಚ್ಚಿಕೊಂಡ ಮೇಲೆ ನಾಚಾರಮ್ಮನಿಗೆ ಒಂದು ಉಪಾಯ ಹೊಳೆಯಿತು. ಬಡಗಿ ಬೇಕಾದಾಗ ಅವಳು ತಾಳೆಗರಿಯ ಮಾತೆತ್ತಿದಳು. ಅಕ್ಕಿ ಬೇಕಾದಾಗ ಬಾವಿಯ ಹಗ್ಗದ ಮಾತೆತ್ತಿದಳು. ಸಂಸಾರ ಸುಸೂತ್ರವಾಗಿ ನಡೆಯತೊಡಗಿತು.

ಒಂದು ಸಲ ಅಕ್ಕಿಮೂಟೆ ಹೊರಿಸಿಕೊಂಡು ಬಂದ ಆಚಾರ್ಯರು ನಡುಮನೆಯಲ್ಲೇ ನಿಂತುಬಿಟ್ಟರು.

"ನಾಚಾರು, ನೀನು ತರಲು ಹೇಳಿದ್ದು ಹಗ್ಗ. ನಾನು ತಂದದ್ದು ಅಕ್ಕಿ. ಮನೆಯಲ್ಲಿ ಅಕ್ಕಿ ತೀರಿತ್ತೇ?"

"ನಿನ್ನೆಯೇ ತೀರಿತ್ತು."

"ಹಗ್ಗ?"

"ಅದಕ್ಕೇನಾಗಿದೆ? ಗಟ್ಟಿಯಾಗಿಯೇ ಇದೆ."

ಬೇರೆ ಗಂಡಸಾಗಿದ್ದರೆ ಸಿಟ್ಟಾಗುತ್ತಿದ್ದ, ಇಲ್ಲವೆ ನಾಚಿಕೊಳ್ಳುತ್ತಿದ್ದ. ಆಚಾರ್ಯರ ಮುಖ ಅರಳಿತು. "ಹಾಗಾದರೆ ನನ್ನ ತಡಕ್ಕೂ ಒಂದು ನಿಯಮ ಇದೆ! ನಿಯಮ ಇದ್ದಲ್ಲಿ ಶಾಸ್ತ್ರವೂ ಇರಲೇಬೇಕು!" ಎಂದರು.

"ಶಾಸ್ತ್ರ ಇರಲಿ. ಮೂಟೆ ಹೊತ್ತವನ ಕತ್ತು ಮುರಿಯುತ್ತಿದೆ. ಇಳಿಸಲು ಹೇಳಿ" ಎಂದಳು ನಾಚಾರಮ್ಮ.

ಅಂದೇ ಆಚಾರ್ಯರು 'ವಿಳಂಬ ಮೀಮಾಂಸೆ' ಎಂಬ ಗ್ರಂಥಕ್ಕೆ ಕೈಹಾಕಿದರು. ಉದ್ದೇಶ ಒಳ್ಳೆಯದೇ. ರೋಗ ಯಾವುದೆಂದು ತಿಳಿಯದೆ ವೈದ್ಯ ಮದ್ದು ಕೊಡುವುದಿಲ್ಲ. ಹಾಗೆಯೇ ತಡಮಾಡುವ ಗುಣದ ಮೂಲವನ್ನು ಕಂಡುಹಿಡಿದರೆ ಅದನ್ನು ಬೇರುಸಹಿತ ಕೀಳಬಹುದೆಂದು ಅವರು ಮನಸಾರೆ ನಂಬಿದ್ದರು. ನಾಚಾರಮ್ಮನೂ ಮೊದಲಿಗೆ ನಂಬಿದಳು.

ಗ್ರಂಥ ಬೆಳೆಯಿತು. ಕಾರಣವಿದ್ದು ಮಾಡುವ ತಡ, ಕಾರಣವಿಲ್ಲದೆ ಮಾಡುವ ತಡ, ತಡಮಾಡಿದ ಮೇಲೆ ಕಾರಣ ಹುಟ್ಟಿಸಿಕೊಳ್ಳುವ ತಡ ಎಂದು ವಿಂಗಡಣೆಯಾಯಿತು. ಕೆಲಸ ಮಾಡುವ ಮೊದಲು ಸಿದ್ಧತೆ ಮಾಡುವುದು, ಆ ಸಿದ್ಧತೆಗೆ ಇನ್ನೊಂದು ಸಿದ್ಧತೆ ಮಾಡುವುದು, ಇದಕ್ಕೆ 'ಪೀಠಿಕಾ ವಿಳಂಬ' ಎಂದು ಹೆಸರಾಯಿತು. ನಿದ್ದೆ ಹೋದವನು ತಡಮಾಡುತ್ತಿದ್ದಾನೆ ಎನ್ನಬಹುದೋ ಬಾರದೋ ಎಂಬುದರ ಮೇಲೆ ಒಂದು ಮಾಸವಿಡೀ ವಾದ ನಡೆಯಿತು. ಊರೂರಿನಿಂದ ವಿದ್ಯಾರ್ಥಿಗಳು ಬಂದು ಜಗಲಿ ತುಂಬಿದರು. ಹೇಳಿದ ದಿನ ಬಂದವನು ಒಬ್ಬನೂ ಇಲ್ಲ. ಅದನ್ನೇ ಆಚಾರ್ಯರು ಅವರ ಅರ್ಹತೆ ಎಂದು ಎಣಿಸಿದರು.

ಪರೀಕ್ಷೆಗೆಂದು ಹೆಸರಾಂತ ವಿಳಂಬಿಗಳನ್ನೂ ಕರೆಸುತ್ತಿದ್ದರು. ಹುಟ್ಟಿದ ಮಗನಿಗೆ ಹೆಸರಿಡುವುದನ್ನು ಮುಂದಕ್ಕೆ ಹಾಕುತ್ತಲೇ ಬಂದು, ಈಗ ಅವನಿಗೆ ಮೀಸೆ ಬಂದರೂ 'ಮಗು' ಎಂದೇ ಕರೆಯುತ್ತಿದ್ದ ಒಬ್ಬ ಜಮೀನುದಾರ ಬಂದ. ಅವನನ್ನು ಮಣೆಯ ಮೇಲೆ ಕೂರಿಸಿ, ಗಂಧ ಹಚ್ಚಿ, ಆಚಾರ್ಯರು ಕೇಳಿದ್ದೇ ಕೇಳಿದ್ದು. ಹೆಸರು ನೆನಪಿಗೆ ಬರಲಿಲ್ಲವೋ, ಬಂದ ಹೆಸರು ಹಿಡಿಸಲಿಲ್ಲವೋ? ಹೋದ ವರ್ಷವೇ ಬರಬೇಕೆಂದಿದ್ದೆ ಎಂದು ಜಮೀನುದಾರ ಹೇಳಿದಾಗ ವಿದ್ಯಾರ್ಥಿಗಳು ಭಕ್ತಿಯಿಂದ ತಲೆದೂಗಿದರು. ಒಳಗೆ ನಾಚಾರಮ್ಮ ಅಷ್ಟೂ ಮಂದಿಗೆ ಅನ್ನ ಬಸಿಯುತ್ತಿದ್ದಳು. ಅನ್ನವನ್ನು ನಾಳೆ ಉಂಡರಾಯಿತು ಎಂದವನು ಮಾತ್ರ ಅವರಲ್ಲಿ ಒಬ್ಬನೂ ಇರಲಿಲ್ಲ.

ಅವಳು ಬೈದರೂ ಪ್ರಯೋಜನವಿರಲಿಲ್ಲ. "ನಿಮ್ಮ ಗ್ರಂಥಕ್ಕೆ ಬೆಂಕಿ ಬೀಳಲಿ. ಕೊಟ್ಟಿಗೆಗೆ ಸೋಗೆ ಹೊದಿಸಿ ಅಂತ ಯಾವಾಗಿನಿಂದ ಹೇಳುತ್ತಿದ್ದೇನೆ!" ಎಂದು ಅವಳು ಕೂಗಿದರೆ, ಆಚಾರ್ಯರು ಲೇಖನಿ ಎತ್ತಿಕೊಂಡು, "ಇನ್ನೊಮ್ಮೆ ಹೇಳು. ಕಾಯುವವರ ಕೋಪ ಎಂಬ ಪ್ರಕರಣಕ್ಕೆ ಇದು ಬಹಳ ಚೆನ್ನಾಗಿ ಹೊಂದುತ್ತದೆ" ಎನ್ನುತ್ತಿದ್ದರು. ಬೈಗುಳವನ್ನು ಬರೆದುಕೊಳ್ಳುವ ಗಂಡನನ್ನು ಏನೆಂದು ಬೈಯುವುದು? ಅವಳು ಸೌಟನ್ನು ಪಾತ್ರೆಗೆ ಬಡಿಯುತ್ತಿದ್ದಳು. ಆ ಸದ್ದನ್ನೂ ಅವರು ಬರೆದುಕೊಂಡರೇನೋ.

ಅವರಿಗೆ ಒಬ್ಬಳೇ ಮಗಳು, ಕೋಮಲೆ. ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ. ಅತ್ತೆ ತೀರಿಕೊಂಡಿದ್ದಳು. ಮನೆಯಲ್ಲಿ ಗಂಡ, ವಯಸ್ಸಾದ ಮಾವ, ಇಬ್ಬರೇ. ತವರಿನವರು ಬಂದು ಕರೆಯದೆ ಬಸುರಿಯನ್ನು ಹೊಸಲು ದಾಟಿಸುವುದು ಆ ಮನೆಯ ಪದ್ಧತಿಯಲ್ಲ. ಆದ್ದರಿಂದ ಅಳಿಯ ಮೊದಲೇ ಹೇಳಿಕಳುಹಿಸಿದ್ದ: ಹೊಳೆ ತುಂಬುವ ಮೊದಲು ಆಚಾರ್ಯರು ಬಂದು ಕರೆದುಕೊಂಡು ಹೋಗಲಿ.

ಆಚಾರ್ಯರಿಗೆ ಮಗಳೆಂದರೆ ಪ್ರಾಣ. ಸುದ್ದಿ ಬಂದ ದಿನ ಅವರ ಕಣ್ಣು ಒದ್ದೆಯಾಯಿತು. ನಾಳೆಯೇ ಹೊರಡುತ್ತೇನೆ ಎಂದರು. ಮರುದಿನ ಪಂಚಾಂಗ ಸರಿಯಿರಲಿಲ್ಲ. ಅದರ ಮರುದಿನ ಪಂಚಾಂಗ ಸರಿಯಿತ್ತು, ಆದರೆ ಒಂದು ಪ್ರಕರಣ ಮುಗಿಯುವ ಹಂತದಲ್ಲಿತ್ತು. ಆಮೇಲೆ ಒಬ್ಬ ವಿದ್ಯಾರ್ಥಿಗೆ ಜ್ವರ. ಆಮೇಲೆ ಮಗಳಿಗೆ ಒಯ್ಯಲೆಂದು ಒಳ್ಳೆಯ ಜೇನುತುಪ್ಪ ಹುಡುಕಬೇಕಾಯಿತು. ನಾಚಾರಮ್ಮ ತನ್ನ ಹಳೆಯ ಉಪಾಯ ಹೂಡಿ, "ಮಗಳ ವಿಷಯ ಹಾಗಿರಲಿ, ಮೊದಲು ಕೊಟ್ಟಿಗೆಗೆ ಸೋಗೆ ಹೊದಿಸಿ" ಎಂದು ನೋಡಿದಳು. ಆಚಾರ್ಯರು ನಕ್ಕರು. "ಆ ಉಪಾಯ ನನಗೀಗ ಗೊತ್ತಾಗಿದೆ. ಗೊತ್ತಾದ ಮೇಲೆ ಅದು ನಾಟುವುದಿಲ್ಲ" ಎಂದರು. ಸೋಗೆಯೂ ಆಗಲಿಲ್ಲ, ಮಗಳೂ ಬರಲಿಲ್ಲ.

ಅವಳಿಗೆ ಮೈಯೆಲ್ಲ ಉರಿಯುತ್ತಿದ್ದುದು ಇದಕ್ಕೇ. ಮೊದಲು ಅವರು ತಡಮಾಡಿದರೆ ಸ್ವಲ್ಪವಾದರೂ ಅಳುಕುತ್ತಿದ್ದರು. ಈಗ ಅಳುಕೂ ಇಲ್ಲ. "ನಾನೀಗ ಎರಡನೆಯ ಬಗೆಯಲ್ಲಿದ್ದೇನೆ, ನಾಚಾರು. ನಾಳೆಗೆ ಮೂರನೆಯದಕ್ಕೆ ಬರುತ್ತೇನೆ. ಅಲ್ಲಿಂದ ಹೊರಡುವುದು ಸುಲಭ" ಎಂದು ದಾರಿಯ ಊರುಗಳನ್ನು ಹೆಸರಿಸುವವರಂತೆ ಸಮಾಧಾನವಾಗಿ ಹೇಳುತ್ತಿದ್ದರು.

ಪಡುವಣ ಬೆಟ್ಟದ ಮೇಲೆ ಮೋಡ ಕಟ್ಟಿತು. ಹೊಳೆಯ ನೀರು ಕೆಂಪಾಗತೊಡಗಿತು. ನಾಚಾರಮ್ಮ ಬುತ್ತಿ ಕಟ್ಟಿದಳು. ಸೀರೆ, ಬಳೆ, ಅರಿಸಿನ ಕುಂಕುಮ ಎಲ್ಲ ಗಂಟು ಹಾಕಿ ಗಂಡನ ಕೈಯಲ್ಲಿಟ್ಟಳು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿದಳು. ಹಿಂದೆಯೇ ನಿಂತು ಬಾಗಿಲವರೆಗೆ ಹೆಚ್ಚುಕಡಿಮೆ ದೂಡಿಕೊಂಡೇ ಹೋದಳು. ಆಚಾರ್ಯರು ಮೆಟ್ಟಿಲಿಳಿದರು. ಬೀದಿಗೆ ಕಾಲಿಟ್ಟರು. ಅಷ್ಟರಲ್ಲಿ ಎದುರಿಗೆ ಒಂದು ಪಲ್ಲಕ್ಕಿ ಬಂದು ನಿಂತಿತು.

ಇಳಿದವರು ರಾಜಧಾನಿಯ ಆಸ್ಥಾನ ವಿದ್ವಾಂಸರು. ವಿಳಂಬ ಮೀಮಾಂಸೆಯ ಕೀರ್ತಿ ಅಲ್ಲಿಗೂ ಮುಟ್ಟಿತ್ತು. ವಾದಕ್ಕೆಂದೇ ಬಂದಿದ್ದರು.

ಆಚಾರ್ಯರು ಹೆಂಡತಿಯ ಮುಖ ನೋಡಿದರು. "ಇದೊಂದು ವಾದ ಮುಗಿದರೆ ಗ್ರಂಥವೇ ಮುಗಿದಂತೆ. ಮೂಲಕಾರಣ ಸಿಕ್ಕಿಬಿಡುತ್ತದೆ. ಆಮೇಲೆ ನಾನು ಜನ್ಮದಲ್ಲಿ ತಡಮಾಡುವುದಿಲ್ಲ. ಮಧ್ಯಾಹ್ನಕ್ಕೆ ಹೊರಟೇ ಹೊರಡುತ್ತೇನೆ" ಎಂದರು. ಗಂಟನ್ನೂ ಕೊಡೆಯನ್ನೂ ಅವಳ ಕೈಗೇ ಕೊಟ್ಟು, ಅತಿಥಿಗಳನ್ನು ಒಳಗೆ ಕರೆದುಕೊಂಡು ಹೋದರು.

ಮಧ್ಯಾಹ್ನವಾಯಿತು. ಎಲೆ ಹಾಕಿದರು. ಊಟದ ನಡುವೆಯೂ ವಾದ ನಿಲ್ಲಲಿಲ್ಲ. ತಡಮಾಡುತ್ತಿದ್ದೇನೆಂದು ಅರಿತು ತಡಮಾಡುವವನು, ಅರಿಯದೆ ತಡಮಾಡುವವನು, ಇಬ್ಬರಲ್ಲಿ ಯಾರ ದೋಷ ದೊಡ್ಡದು ಎಂಬುದು ಪ್ರಶ್ನೆ. ಅರಿತವನ ದೋಷವೇ ದೊಡ್ಡದೆಂದು ಆಸ್ಥಾನ ವಿದ್ವಾಂಸರು ಸಾಧಿಸುತ್ತಿದ್ದರು. ನಾಚಾರಮ್ಮ ಪಂಕ್ತಿಯಲ್ಲಿ ಹುಳಿ ಬಡಿಸುತ್ತ ಬರುತ್ತಿದ್ದಳು.

ಆಗ ಆಚಾರ್ಯರು ಹೇಳಿದರು: "ಬೇರೆ ಉದಾಹರಣೆ ಯಾಕೆ? ನನ್ನನ್ನೇ ತೆಗೆದುಕೊಳ್ಳಿ. ನನ್ನ ಮಗಳು ಆಚೆ ದಡದಲ್ಲಿ ತುಂಬು ಬಸುರಿ. ಹೊಳೆ ಏರುತ್ತಿದೆ. ನಾನು ಹೋಗಿಲ್ಲ. ಹೋಗಿಲ್ಲವೆಂದು ಬಲ್ಲೆ. ಬಲ್ಲವನಾದ್ದರಿಂದ ನನ್ನ ತಡ ಕುರುಡಲ್ಲ. ಕಣ್ಣಿರುವ ತಡ ಒಂದಲ್ಲ ಒಂದು ದಿನ ಎದ್ದು ನಡೆಯುತ್ತದೆ. ಆದ್ದರಿಂದ ಅರಿತವನ ದೋಷವೇ ಚಿಕ್ಕದು."

"ಭಲೆ! ಭಲೆ!" ಎಂದು ವಿದ್ಯಾರ್ಥಿಗಳು ಕೂಗಿದರು. ಆಸ್ಥಾನ ವಿದ್ವಾಂಸರು ಕೂಡ ತುತ್ತನ್ನು ಕೈಯಲ್ಲೇ ಹಿಡಿದು ಯೋಚನೆಗೆ ಬಿದ್ದರು.

ನಾಚಾರಮ್ಮ ಹುಳಿಯ ಪಾತ್ರೆಯನ್ನು ಪಂಕ್ತಿಯ ನಡುವೆಯೇ ಇಟ್ಟಳು. ಅರ್ಧ ಜನಕ್ಕೆ ಇನ್ನೂ ಬಡಿಸಿರಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡಳು. ಬಾಗಿಲ ಹಿಂದಿದ್ದ ಗಂಟು ಎತ್ತಿಕೊಂಡಳು. ಆ ಅಗ್ರಹಾರದ ಹೆಂಗಸರು ಗಂಡಸಿನ ಜೊತೆಯಿಲ್ಲದೆ ಹೊಳೆ ದಾಟಿದವರಲ್ಲ. ಅದೆಲ್ಲ ಅವಳಿಗೆ ಬೀದಿಯ ಕೊನೆ ಮುಟ್ಟಿದ ಮೇಲೆ ನೆನಪಾಯಿತು. ಅಷ್ಟು ದೂರ ಬಂದಾಗಿತ್ತು. ಮುಂದಕ್ಕೇ ನಡೆದಳು.

ದಡದಲ್ಲಿ ಅಂಬಿಗ ಕೆಂಚಪ್ಪ ಹರಿಗೋಲನ್ನು ಮೇಲಕ್ಕೆ ಎಳೆದು ಮಗುಚಿಹಾಕುತ್ತಿದ್ದ.

"ಇನ್ನು ಬಿಡಾಕಿಲ್ಲ ಅಮ್ಮಾವ್ರೇ. ಮೇಲ್ಗಡೆ ಮಳೆ ಹುಯ್ದೈತೆ. ನೀರು ನೋಡಿ, ಹೆಂಗೆ ಬತ್ತಾ ಐತೆ."

"ಕೆಂಚಪ್ಪಾ, ಆ ಮನೆಯಲ್ಲಿ ಹೆಣ್ಣು ಅಂತ ಇನ್ನೊಂದು ಜೀವ ಇಲ್ಲ. ನನ್ನ ಮಗಳು ಒಬ್ಬಳೇ ಹೆರಬೇಕಾಗುತ್ತೆ."

ಕೆಂಚಪ್ಪ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. "ಆಚಾರ್ರು?"

"ಕಾರಣ ಹುಡುಕುತ್ತಾ ಇದ್ದಾರೆ" ಎಂದಳು.

ಕೆಂಚಪ್ಪ ಹರಿಗೋಲನ್ನು ಮತ್ತೆ ನೀರಿಗೆ ನೂಕಿದ. "ಹತ್ತಿ, ಹತ್ತಿ. ತಡ ಮಾಡಬ್ಯಾಡಿ" ಎಂದ. ತಡಮಾಡಬೇಡ ಎಂದು ಒಬ್ಬರು ತನಗೆ ಹೇಳುವ ಕಾಲವೂ ಬಂತಲ್ಲ ಎಂದು ಅವಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

ಹರಿಗೋಲು ನಡುಹೊಳೆಯಲ್ಲಿ ಬುಗುರಿಯಂತೆ ಸುತ್ತಿತು. ಬೇರುಸಹಿತ ಬಂದ ಒಂದು ಮರ ಪಕ್ಕದಲ್ಲೇ ಉಜ್ಜಿಕೊಂಡು ಹೋಯಿತು. ಹೆದರಿಕೆ ಮರೆಯಲು ಅವಳು ಕಣ್ಣು ಮುಚ್ಚಿಕೊಂಡು ಗಂಡನನ್ನು ಬೈಯತೊಡಗಿದಳು. ಮದುವೆಯಾದಾಗಿನಿಂದ ಬೈದದ್ದು, ಬೈಯಬೇಕೆಂದು ಬಿಟ್ಟದ್ದು, ಎಲ್ಲವನ್ನೂ ಬೈದಳು. ಬರೆದುಕೊಳ್ಳುವವರು ಯಾರೂ ಇರಲಿಲ್ಲವಾಗಿ ಮನಸ್ಸು ಎಷ್ಟೋ ಹಗುರವಾಯಿತು. ಕೆಂಚಪ್ಪ ಹುಟ್ಟು ಹಾಕುತ್ತಲೇ ಇದ್ದ. ಇಳಿಯಬೇಕಾದ ಜಾಗಕ್ಕಿಂತ ಬಹಳ ಕೆಳಗೆ ಎಲ್ಲೋ ದಡ ಸಿಕ್ಕಿತು. ಮೊಣಕಾಲುದ್ದದ ಕೆಸರಿನಲ್ಲಿ ನಡೆದು ಅವಳು ಬೀಗರ ಮನೆ ಸೇರಿದಳು. ಹೊಳೆ ತುಂಬಿತು. ಕೆಂಚಪ್ಪನಿಗೂ ಹಿಂದಕ್ಕೆ ಹೋಗಲಾಗಲಿಲ್ಲ.

ಮೂರನೆಯ ದಿನವೇ ಕೋಮಲೆಗೆ ನೋವು ಬಂತು. ಹಳ್ಳ ಕಟ್ಟಿಕೊಂಡು ಸೂಲಗಿತ್ತಿಯೂ ಬರುವಂತಿರಲಿಲ್ಲ. ಬೆಳಗ್ಗೆ ಶುರುವಾದ ನೋವು ಸಂಜೆಯಾದರೂ ಮುಗಿಯಲಿಲ್ಲ. ಕೋಮಲೆ ತಾಯಿಯ ಕೈ ಹಿಡಿದು, "ಅಮ್ಮಾ, ಅಪ್ಪ ಬರಲಿಲ್ಲವೇ?" ಎಂದು ಕೇಳಿದಳು. ನಾಚಾರಮ್ಮನ ನಾಲಗೆಯ ತುದಿಗೆ ಬಂದ ಮಾತೇ ಬೇರೆ. ಆಡಿದ್ದು, "ಬರುತ್ತಾರೆ ಕಣಮ್ಮ, ನೀನು ಉಸಿರು ಬಿಗಿಹಿಡಿಯಬೇಡ" ಎಂದು. ಕೊನೆಗೆ ಮಗು ಬಂತು. ಅಳಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ನಾಚಾರಮ್ಮ ಅದನ್ನು ಬಿಡಿಸಿ, ಮಗುವನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿದಳು. ತಟ್ಟುತ್ತ, "ಏಳು, ಏಳೇ ತಾಯಿ, ನೀನೂ ಆಮೇಲೆ ಅನ್ನಬೇಡ ಕಣೇ" ಎಂದಳು. ಮಗು ಅತ್ತಿತು. ಹೆಣ್ಣುಮಗು. ಬಾಗಿಲಾಚೆ ಅಳಿಯ ಕುಸಿದು ಕೂತ ಸದ್ದು ಕೇಳಿಸಿತು.

ಕೋಮಲೆಗೆ ಬಹಳ ರಕ್ತ ಹೋಗಿತ್ತು. ಅವಳು ಹಾಸಿಗೆಯಿಂದ ಏಳಲು ವಾರಗಳೇ ಬೇಕಾದವು.

ಇತ್ತ ಈಚೆ ದಡದಲ್ಲಿ ಅಪ್ರಮೇಯಾಚಾರ್ಯರೇ ವಾದ ಗೆದ್ದಿದ್ದರು. ಆಸ್ಥಾನ ವಿದ್ವಾಂಸರು ಶಾಲು ಹೊದಿಸಿದರು. ಮಜ್ಜಿಗೆ ಬಡಿಸು ಎಂದು ಆಚಾರ್ಯರು ಒಳಗಿನವರನ್ನು ಕೂಗಿದಾಗಲೇ ಅಲ್ಲಿ ಯಾರೂ ಇಲ್ಲವೆಂದು ತಿಳಿದದ್ದು. ಹೆಗಲ ಮೇಲಿನ ಶಾಲಿನೊಂದಿಗೆ ಹಾಗೆಯೇ ಹೊಳೆಗೆ ಓಡಿದರಂತೆ. ಹರಿಗೋಲು ಆಚೆ ದಡದಲ್ಲಿತ್ತು. ನಡುವೆ ಹೊಳೆ ಹರಿಯುತ್ತಿತ್ತು.

ಅಂದಿನಿಂದ ದಿನವೂ ನಸುಕಿಗೇ ಎದ್ದು, ಸ್ನಾನ ಮಾಡಿ, ಕೊಡೆ ಹಿಡಿದು ಹೊರಟು ಬಂದು ದಡದಲ್ಲಿ ನಿಲ್ಲುತ್ತಿದ್ದರು. ಹುಟ್ಟಿದಾಗಿನಿಂದ ಅವರು ಒಂದು ಕೆಲಸಕ್ಕೆ ಹೊತ್ತಿಗೆ ಮೊದಲೇ ಸಿದ್ಧವಾದದ್ದು ಅದೇ ಮೊದಲು. ವಿದ್ಯಾರ್ಥಿಗಳೂ ಹಿಂದೆ ಬಂದು ನಿಂತು ಸಂದೇಹಗಳನ್ನು ಕೇಳುತ್ತಿದ್ದರು. ಆಚಾರ್ಯರು ನೀರು ನೋಡುತ್ತಿದ್ದರು.

ಈ ಸಂಗತಿ ಆಚೆಗಿದ್ದ ನಾಚಾರಮ್ಮನಿಗೆ ಕೆಂಚಪ್ಪನಿಂದ ತಿಳಿಯಿತು. "ದಿನಾ ಬಂದು ನಿಂತವ್ರೆ, ಅಮ್ಮಾವ್ರೇ" ಎಂದು ಅವನು ಬಂದು ಹೇಳಿದ. ನಿಲ್ಲಲಿ ಎಂದಳು. ಆದರೂ ಮಳೆ ಬಿಟ್ಟು ಹೊಳವಾದ ಒಂದು ಬೆಳಗ್ಗೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ದಡಕ್ಕೆ ಹೋದಳು. ಆಚೆ ಕೊಡೆ ಕಾಣಿಸಿತು. ಅವಳು ಮಗುವನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದಳು. ಆಚಾರ್ಯರು ಕೊಡೆಯನ್ನು ಬಿಸುಟರು. ನೀರಿನಂಚಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಏನನ್ನೋ ಕೂಗಿದರು. ಹೊಳೆಯ ಭೋರ್ಗರೆತದಲ್ಲಿ ಕೇಳಿಸಲಿಲ್ಲ. ಮತ್ತೆ ಕೂಗಿದರು. ಗಂಡೋ ಹೆಣ್ಣೋ ಎಂದು ಕೇಳುತ್ತಿರಬೇಕೆಂದು ಅವಳು, "ಹೆಣ್ಣು! ಹೆಣ್ಣು!" ಎಂದು ಕೂಗಿದಳು. ಅವರು ತಲೆ ಅಲ್ಲಾಡಿಸಿದರು. ಮತ್ತೆ ಮತ್ತೆ ಅದೇ ಏನನ್ನೋ ಕೂಗುತ್ತಲೇ ಇದ್ದರು. ಮೊಮ್ಮಗಳ ಮುಖ ಕಂಡು ಸಂತೋಷಪಡುವುದು ಬಿಟ್ಟು ಇದೇನು ಪ್ರಶ್ನೆಯ ಮೇಲೆ ಪ್ರಶ್ನೆ ಎಂದು ಅವಳಿಗೆ ರೇಗಿತು. ಮಗುವಿಗೆ ಗಾಳಿ ಹತ್ತೀತೆಂದು ಹಿಂದಿರುಗಿದಳು.

ಮಳೆಗಾಲ ಕಳೆಯಿತು. ನೀರು ಇಳಿಯಿತು. ಕೆಂಚಪ್ಪನಿಗೂ ಕಾಯದೆ, ಮೇಲಿನ ಊರಿನಿಂದ ಬಂದ ಮೊದಲ ಹರಿಗೋಲಿನಲ್ಲೇ ಆಚಾರ್ಯರು ಬಂದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಹೆಂಡತಿಯನ್ನು ದಾಟಿ, ಮಗುವಿನ ಕಡೆ ತಿರುಗಿಯೂ ನೋಡದೆ ಒಳಕ್ಕೆ ನುಗ್ಗಿದರು. ಕೋಣೆಯಲ್ಲಿ ಕೋಮಲೆ ಗೋಡೆಗೊರಗಿ ತಲೆ ಬಾಚಿಕೊಳ್ಳುತ್ತಿದ್ದಳು. "ಬಂದಿರಾ, ಅಪ್ಪಾ" ಎಂದಳು. ಆಚಾರ್ಯರು ಅಲ್ಲೇ ಹೊಸಲಿನ ಮೇಲೆ ಕೂತು, ಉತ್ತರೀಯವನ್ನು ಬಾಯಿಗೆ ತುರುಕಿಕೊಂಡು ಅತ್ತರು.

ಆಗ ನಾಚಾರಮ್ಮನಿಗೆ ಅರ್ಥವಾಯಿತು. ಅವತ್ತು ದಡದಲ್ಲಿ ಅವರಿಗೆ ಕಂಡದ್ದು ಹೆಂಡತಿ ಮತ್ತು ಮಗು. ಕಾಣದವಳು ಕೋಮಲೆ. ಆ ಮನುಷ್ಯ ಅಂದಿನಿಂದ ಈ ಹೊತ್ತಿನವರೆಗೆ ಉತ್ತರ ಸಿಗದ ಒಂದೇ ಪ್ರಶ್ನೆಯನ್ನು ಹೊತ್ತುಕೊಂಡು ದಡದಲ್ಲಿ ನಿಂತಿದ್ದರು.

ಅವರು ಅತ್ತು ಮುಗಿಸಿದರು. ಅವಳು ನೀರು ಕೊಟ್ಟಳು. ಮಗುವನ್ನು ತೊಡೆಯ ಮೇಲೆ ಮಲಗಿಸಿದಳು. ಎಲೆ ಹಾಕಿ ಬಡಿಸಿದಳು. ಒಂದು ಮಾತೂ ಬೈಯಲಿಲ್ಲ. ಮರುದಿನವೂ ಬೈಯಲಿಲ್ಲ. ಆಚಾರ್ಯರಿಗೆ ತಡೆಯಲಾಗಲಿಲ್ಲ.

"ನಾಚಾರು, ಬೈದಾದರೂ ಬೈಯಬಾರದೇ? ನೀನು ಸುಮ್ಮನಿದ್ದರೆ ನನಗೆ ಹೆದರಿಕೆಯಾಗುತ್ತದೆ" ಎಂದರು.

ನಾಚಾರಮ್ಮ ಮಗುವಿನ ಬಟ್ಟೆ ಹಿಂಡುತ್ತಿದ್ದಳು. "ಹೋಗುತ್ತೀರಿ ಅನ್ನುವ ಆಸೆ ಇರುವವರೆಗೆ ಬೈದೆ" ಎಂದಳು. "ಈಗ ನಾನೇ ಹೋಗುವುದನ್ನು ಕಲಿತೆ."

ಆಚಾರ್ಯರ ಕೈ ಅಭ್ಯಾಸಬಲದಿಂದ ಸೊಂಟದ ಲೇಖನಿಯ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಆ ಮಾತನ್ನು ಅವರು ಬರೆದುಕೊಳ್ಳಲಿಲ್ಲ.

ಆಮೇಲೆ ಅವರು ಪೂರ್ತಿ ಬದಲಾದರೆಂದು ನಾನು ಹೇಳಲಾರೆ. ಅಷ್ಟು ಸುಲಭಕ್ಕೆ ಬದಲಾಗುವ ಗುಣ ಅದಲ್ಲ. ಆದರೆ ನಾಚಾರಮ್ಮ ಯಾವುದಕ್ಕಾದರೂ ಎದ್ದು ನಿಂತರೆ ಅವರೂ ಎದ್ದು ನಿಲ್ಲುತ್ತಿದ್ದರಂತೆ. ವಿಳಂಬ ಮೀಮಾಂಸೆ ಅಲ್ಲಿಗೇ ನಿಂತಿತು. ಮೂಲಕಾರಣವನ್ನು ಹೇಳಬೇಕಾಗಿದ್ದ ಕೊನೆಯ ಪ್ರಕರಣಕ್ಕೆ ತಲೆಬರಹ ಮಾತ್ರ ಇದೆ. ವಿದ್ಯಾರ್ಥಿಗಳು ಆ ಬರಿಯ ಗರಿಯನ್ನು ಇಟ್ಟುಕೊಂಡು, ಗುರುಗಳು ಬೇಕೆಂದೇ ಹೀಗೆ ಬಿಟ್ಟಿದ್ದಾರೆ, ಇದರಲ್ಲಿ ಗೂಢಾರ್ಥವಿದೆ ಎಂದು ವ್ಯಾಖ್ಯಾನ ಬರೆಯಲು ಕೂತರು. ಇನ್ನೂ ಮುಗಿದಿಲ್ಲವೆಂದು ಕೇಳಿದ್ದೇನೆ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಮೂಲಕಾರಣ ಯಾವುದೆಂದು ಆಚಾರ್ಯರಿಗೆ ಕೊನೆಗೂ ತಿಳಿಯಲೇ ಇಲ್ಲವೇ, ಗುರುಗಳೇ? ನಿಮ್ಮ ಅಭಿಪ್ರಾಯದಲ್ಲಿ ಅದು ಯಾವುದು?" ಎಂದು ಶಿಷ್ಯ ಕೇಳಿದ.

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

"ಇದನ್ನು ಕೇಳಲು ಇಲ್ಲಿಗೆ ಬರುವಾಗ, ಯಾವ ಕೆಲಸ ಬಿಟ್ಟು ಎದ್ದು ಬಂದೆ?"

ಶಿಷ್ಯ ಎದ್ದು ನಿಂತ.